ಒಂದೇ ಕಂಪ್ಯೂಟರಿನಲ್ಲಿ ಐದು ಆಟ: ಶಿರಸಿಯಿಂದ ನನ್ನ ಅನುಭವ

ನಾನು ಆಡುವುದು ಈವ್ ಆನ್‌ಲೈನ್. ಐಸ್‌ಲ್ಯಾಂಡಿನ ಕಂಪನಿಯೊಂದು 2003ರಲ್ಲಿ ತಂದ ಬಾಹ್ಯಾಕಾಶದ ಆಟ. ಎರಡು ಹಡಗು ಅದಿರು ಅಗೆಯಬೇಕು, ಇನ್ನೆರಡು ಸಾಗಿಸಬೇಕು, ಒಂದು ಕಾವಲಿಗೆ. ಒಂದು ಖಾತೆಯಿಂದ ಒಂದು ಸಲಕ್ಕೆ ಒಂದೇ ಹಡಗು ನಡೆಸಬಹುದು. ಹಾಗಾಗಿ ಐದು ಖಾತೆ, ಐದು ವಿಂಡೋ. ಎಲ್ಲವೂ ದುಡ್ಡು ಕಟ್ಟಿದ ಖಾತೆಗಳಾದರೆ ಇದಕ್ಕೆ ನಿಯಮದ ಅಡ್ಡಿ ಇಲ್ಲ. ಒಂದು ಕೀ ಒತ್ತಿದರೆ ಐದೂ ವಿಂಡೋಗೆ ಹೋಗುವಂಥ ಸಾಫ್ಟ್‌ವೇರ್ ಮಾತ್ರ 2015ರಿಂದ ನಿಷಿದ್ಧ.

ಐದನ್ನೂ ಒಟ್ಟಿಗೆ ನಡೆಸುವ ಹೊಸ ಕಂಪ್ಯೂಟರಿಗೆ ಭಾಗ ಆರಿಸುವ ಮೊದಲು ಹಳೆಯದರಲ್ಲೇ ಲೆಕ್ಕ ಹಾಕಿದೆ. ಒಂದೇ ವಿಂಡೋ ತೆರೆದು, ಹಡಗುಗಳು ಜಾಸ್ತಿ ಇರುವ ಕಡೆ ಹೋಗಿ ನಿಂತು, ಎಷ್ಟು ಮೆಮೊರಿ ಖರ್ಚಾಗುತ್ತಿದೆ ಎಂದು ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ನೋಡಿದೆ. ರ‍್ಯಾಮ್ ಸುಮಾರು 3.5 ಜಿಬಿ, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ 1.5 ಜಿಬಿ. ಐದರಿಂದ ಗುಣಿಸಿದರೆ ರ‍್ಯಾಮ್ 17.5. ವಿಂಡೋಸ್, ಬ್ರೌಸರ್, ಜೊತೆಗಾರರ ಹತ್ತಿರ ಮಾತಾಡುವ ಡಿಸ್ಕಾರ್ಡ್ ಸೇರಿಸಿದರೆ 24ರ ಹತ್ತಿರ. 16 ಸಾಲದು, 32 ಸಾಕು. 16ರ ಎರಡು ಕಡ್ಡಿ ಹಾಕಿ, ಬೋರ್ಡಿನಲ್ಲಿ ಎರಡು ಸ್ಲಾಟ್ ಖಾಲಿ ಬಿಟ್ಟೆ.

ಗ್ರಾಫಿಕ್ಸ್ ಕಾರ್ಡಿನ ವಿಷಯಕ್ಕೇ ಹುಬ್ಬಳ್ಳಿಯ ಅಂಗಡಿಯಲ್ಲಿ ವಾದ ಆಯಿತು. 'ಸರ್, 3060 ಟಿಐ ತಗೊಳ್ರಿ, ಸ್ಪೀಡ್ ಐತಿ' ಅಂದರು. ಅವರ ಮಾತು ಸುಳ್ಳಲ್ಲ, ಒಂದೇ ಆಟಕ್ಕಾದರೆ ನಾನೂ ಅದನ್ನೇ ತರುತ್ತಿದ್ದೆ. ಆದರೆ ಅದರ ಮೆಮೊರಿ 8 ಜಿಬಿ. ನನ್ನ ಐದು ವಿಂಡೋಗೇ 7.5 ಬೇಕು, ಮೇಲೆ ವಿಂಡೋಸ್ ತನ್ನ ಪಾಲು ಕೇಳುತ್ತದೆ. ಕಾರ್ಡಿನ ಮೆಮೊರಿ ತುಂಬಿದರೆ ಹೆಚ್ಚಾದದ್ದು ರ‍್ಯಾಮಿಗೆ ಹೋಗುತ್ತದೆ. ಆಗ ಒಂದಲ್ಲ, ಐದೂ ವಿಂಡೋ ತಡವರಿಸುತ್ತವೆ. ವೇಗ ಕಡಿಮೆ ಇದ್ದರೂ 12 ಜಿಬಿ ಇರುವ ಸಾದಾ ಆರ್‌ಟಿಎಕ್ಸ್ 3060 ತಂದೆ.

ಪ್ರೊಸೆಸರ್ ಆರಿಸಲು ಹೆಚ್ಚು ಯೋಚಿಸಬೇಕಾಯಿತು. ಇಂಥ ಆಟಗಳಲ್ಲಿ ಪ್ರತಿ ವಿಂಡೋದ ಮುಖ್ಯ ಕೆಲಸ ಹೆಚ್ಚುಕಡಿಮೆ ಒಂದೇ ಕೋರಿನ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದು ಘಟಕ) ಮೇಲೆ ಬೀಳುತ್ತದೆ. ಐದು ವಿಂಡೋಗೆ ಐದು ಕೋರ್, ಉಳಿದದ್ದಕ್ಕೆ ಎರಡು ಮೂರು. ರೈಜನ್ 7 5700ಎಕ್ಸ್‌ನಲ್ಲಿ 8 ಕೋರ್ ಇವೆ, ಎಂಟೂ ಒಂದೇ 32 ಎಂಬಿ ಕ್ಯಾಶೆ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಹಂಚಿಕೊಳ್ಳುತ್ತವೆ. 12 ಕೋರಿನ 5900ಎಕ್ಸ್ ಕೂಡ ನೋಡಿದೆ. ಅದು ಆರಾರು ಕೋರಿನ ಎರಡು ತುಂಡು, ಕ್ಯಾಶೆಯೂ ಬೇರೆ ಬೇರೆ. ಒಂದು ವಿಂಡೋ ಈ ತುಂಡಿನಿಂದ ಆ ತುಂಡಿಗೆ ಹಾರಿದರೆ ಸ್ವಲ್ಪ ನಷ್ಟ. ಯಾವ ವಿಂಡೋ ಯಾವ ಕೋರಿನಲ್ಲಿ ಅಂತ ಕಟ್ಟಿಹಾಕಬಹುದು, ಆದರೆ ದಿನಾ ಆ ಗೋಜು ಯಾರಿಗೆ ಬೇಕು? ಬಿಸಿಯೂ ಜಾಸ್ತಿ: 5700ಎಕ್ಸ್ 65 ವಾಟ್‌ನದ್ದು, 5900ಎಕ್ಸ್ 105. ಒಂದು ನೆನಪಿರಲಿ, 5700ಎಕ್ಸ್ ಜೊತೆ ಕೂಲರ್ ಬರುವುದಿಲ್ಲ, ಬೇರೆ ತರಬೇಕು.

ಆಟದ ಫೈಲುಗಳು ಕೂರುವ ಎಸ್‌ಎಸ್‌ಡಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಐದು ವಿಂಡೋನೂ ಒಂದೇ ಫೋಲ್ಡರಿನಿಂದ ಓದುತ್ತವೆ. 1 ಟಿಬಿ ಧಾರಾಳ.

ದುಡ್ಡಿಲ್ಲದೆ ಸಿಕ್ಕ ಲಾಭ ಸೆಟ್ಟಿಂಗಿನಲ್ಲಿತ್ತು. ಈ ಆಟದ ಸರ್ವರ್ ಲೆಕ್ಕ ಮಾಡುವುದೇ ಸೆಕೆಂಡಿಗೆ ಒಂದು ಸಲ. ಹಿಂದೆ ಇರುವ ವಿಂಡೋ ಸೆಕೆಂಡಿಗೆ 60 ಚಿತ್ರ ಬಿಡಿಸಿ ಯಾರಿಗೆ ತೋರಿಸಬೇಕು? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಿನ್ನೆಲೆಯ ಆಟಗಳಿಗೆ ಮಿತಿ ಹಾಕುವ ಆಯ್ಕೆ ಇದೆ. 20ಕ್ಕೆ ಇಳಿಸಿದೆ. ಫ್ಯಾನಿನ ಸದ್ದು ಅಡಗಿತು.

ಇನ್ನು ನಮ್ಮ ಶಿರಸಿಯ ಕಥೆ. ಜೂನ್ ಬಂತೆಂದರೆ ಕರೆಂಟ್ ಹೋಗುವುದು, ಬರುವುದು. ಗ್ರಾಫಿಕ್ಸ್ ಕಾರ್ಡಿನಲ್ಲಿ ಉಳಿಸಿದ ದುಡ್ಡು 1 ಕೆವಿಎ ಯುಪಿಎಸ್‌ಗೆ ಹೋಯಿತು, ಅದೂ ಲೈನಿನ ಕರೆಂಟಿನಂಥದ್ದೇ ಅಲೆ ಕೊಡುವ ಪ್ಯೂರ್ ಸೈನ್‌ವೇವ್ ಇರುವುದಕ್ಕೆ. ಆಟ ಆಡುವಾಗ ಮಾನಿಟರ್ ಸೇರಿ 350 ವಾಟ್ ದಾಟುವುದಿಲ್ಲ, ಐದೂ ಹಡಗನ್ನು ನಿಲ್ದಾಣಕ್ಕೆ ಸೇರಿಸಲು ಸಮಯ ಸಿಗುತ್ತದೆ. ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ತೇವಕ್ಕೆ ನನ್ನ ಉಪಾಯ ಸರಳ: ಮಳೆಗಾಲದಲ್ಲಿ ಆಟ ಇಲ್ಲದ ದಿನವೂ ಒಂದು ತಾಸು ಚಾಲೂ ಇಡುತ್ತೇನೆ, ಒಳಗಿನ ಬಿಸಿಗೆ ಬೂಸ್ಟು ಕೂರುವುದಿಲ್ಲ. ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡುವುದಿಲ್ಲ. ಗಾಳಿ ಹೋಗುವ ಕಡೆಗೆಲ್ಲ ಜಾಲರಿ ಇರುವುದನ್ನೇ ಆರಿಸಿದೆ, ಅಡಿಕೆ ಸುಲಿಯುವ ಕಾಲದ ಧೂಳಿಗೂ ಇರುವೆಗೂ ಅದು ಬೇಕು. ಕಾರವಾರ, ಕುಮಟಾದ ಕಡೆಯವರಿಗೆ ಇದರ ಮೇಲೆ ಉಪ್ಪುಗಾಳಿ ಬೇರೆ. ಅಲ್ಲಿ ಕಿಟಕಿ ಪಕ್ಕ ಕಂಪ್ಯೂಟರ್ ಇಡಬೇಡಿ, ಕನೆಕ್ಟರುಗಳು ಬೇಗ ತುಕ್ಕು ಹಿಡಿಯುತ್ತವೆ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯುಪಿಎಸ್ ಆಗಲಿ, ಸ್ಪೈಕ್ ಬಸ್ಟರ್ ಆಗಲಿ ನಂಬುವ ಹಾಗಿಲ್ಲ. ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ಫೈಬರ್ ಲೈನಿನ ಒಳಗಿನ ಎಳೆ ಗಾಜಿನದ್ದು, ಆ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ. ಆದರೆ ರೌಟರಿನ ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲಿರುತ್ತದಲ್ಲ, ಅದನ್ನೂ ಜೊತೆಗೇ ಕೀಳಿ.