ಪಟ್ಟಿಯ ಮೇಲಿನ ಗೆರೆಯನ್ನು ಓದಲು ಕಲಿತದ್ದು

ನೆಲದ ಮೇಲೆ ಕುಳಿತರೆ ಕೈಯೂರದೆ ಏಳಲಾಗುವುದಿಲ್ಲ, ತಲೆ ಬಾಚಲು ಎತ್ತಿದ ಕೈ ಅರ್ಧದಲ್ಲೇ ಸೋತುಹೋಗುತ್ತದೆ ಎನ್ನುತ್ತ ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ಕೆಲವು ವರ್ಷಗಳ ಹಿಂದೆ ನನ್ನ ಸಂಧಿವಾತ ಚಿಕಿತ್ಸಾಲಯಕ್ಕೆ ಬಂದಿದ್ದರು. ಸ್ನಾಯುಗಳಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಸಿಪಿಕೆ ಎಂಬ ಕಿಣ್ವ ಅವರಲ್ಲಿ ಸಹಜಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ 3,000 ದಾಟಿತ್ತು, ಒಣಕೆಮ್ಮಿಗೆ ಎರಡು ತಿಂಗಳಿಂದ ಔಷಧ ನಡೆದಿತ್ತು. ಆದರೂ ಸ್ವಂತ ದೇಹದ ವಿರುದ್ಧ ತಿರುಗಿದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆ ನೆಗೆಟಿವ್ ಬಂದಿದ್ದರಿಂದ ಆಟೋಇಮ್ಯೂನ್ (ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ದಾಳಿ ಮಾಡುವ) ಕಾಯಿಲೆಯ ಸಂಶಯವನ್ನು ಮೊದಲು ನೋಡಿದವರು ಕೈಬಿಟ್ಟಿದ್ದರು. ನಾನು ಅವರ ಬೆರಳುಗಳನ್ನು ನೋಡಿದೆ. ತೋರುಬೆರಳಿನಲ್ಲಿ ಹೆಬ್ಬೆರಳಿನ ಕಡೆಯ ಅಂಚು ಒರಟಾಗಿ, ಕಪ್ಪಾಗಿ ಸೀಳಿತ್ತು. “ಪಾತ್ರೆ ತೊಳೆಯುವ ಸೋಪಿಗೆ ಹೀಗಾಗಿದೆ ಡಾಕ್ಟ್ರೇ” ಎಂದರು.

ಪ್ರಯೋಗಾಲಯಕ್ಕೆ ಫೋನ್ ಮಾಡಿ ಎಎನ್‌ಎ ಪರೀಕ್ಷೆಯ ಅದೇ ಸ್ಲೈಡನ್ನು ಇನ್ನೊಮ್ಮೆ ನೋಡುವಂತೆ ಕೇಳಿಕೊಂಡೆ. ಕೋಶಕೇಂದ್ರಗಳು ಕಪ್ಪಾಗಿಯೇ ಇದ್ದವು, ಆದರೆ ಅವುಗಳ ಸುತ್ತಲಿನ ಕೋಶದ್ರವದಲ್ಲಿ ಪ್ರತಿಕಾಯ ಅಂಟಿದ್ದನ್ನು ತೋರಿಸುವ ನವಿರಾದ ಹಸಿರು ಚುಕ್ಕೆಗಳು ಹರಡಿದ್ದವು. ಸ್ನಾಯು ಮತ್ತು ಶ್ವಾಸಕೋಶವನ್ನು ಕಾಡುವ ಕಾಯಿಲೆಯಲ್ಲಿ ಕಾಣುವ ಜೋ-1 ಎಂಬ ಪ್ರತಿಕಾಯ ಗುರಿಮಾಡುವ ಹಿಸ್ಟಿಡಿಲ್ ಟಿಆರ್‌ಎನ್‌ಎ ಸಿಂಥೆಟೇಸ್ ಎಂಬ ಕಿಣ್ವ ಇರುವುದು ಕೋಶದ್ರವದಲ್ಲಿ. ಕೋಶಕೇಂದ್ರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು ಬರೆದ ವರದಿಯಲ್ಲಿ ಅದು ನೆಗೆಟಿವ್ ಎಂದೇ ಹೋಗಿಬಿಡುತ್ತದೆ. ಮರುದಿನ ಲೈನ್ ಬ್ಲಾಟ್ (ಒಂದೊಂದು ಪ್ರತಿಕಾಯಕ್ಕೂ ಒಂದೊಂದು ಗೆರೆ ಮೂಡುವ ಪಟ್ಟಿಯ ಪರೀಕ್ಷೆ) ಮಾಡಿಸಿ, ಪಟ್ಟಿಯನ್ನು ನೋಡಲು ನಾನೇ ಹೋದೆ. ಬೆರಳಗಲಕ್ಕಿಂತ ಸಣ್ಣದಾದ ಆ ಬಿಳಿ ಪಟ್ಟಿಯಲ್ಲಿ ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯಲ್ಲದೆ ಜೋ-1 ಮತ್ತು ಅದರ ಜೊತೆ ಹೆಚ್ಚಾಗಿ ಕಾಣುವ ಆರ್‌ಒ-52 ಪ್ರತಿಕಾಯದ ಗೆರೆಗಳೆರಡೂ ಗಾಢವಾಗಿ ಮೂಡಿದ್ದವು. ಸೂಕ್ಷ್ಮ ವಿವರ ತೋರಿಸುವ ಎಚ್‌ಆರ್‌ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಕೆಳಭಾಗ ಮಸುಕಾಗಿತ್ತು. ಕೆಮ್ಮು, ಸೀಳಿದ ಬೆರಳು, ಸೋತ ತೊಡೆ ಮೂರೂ ಆಂಟಿಸಿಂಥೆಟೇಸ್ ಸಿಂಡ್ರೋಮ್ ಎಂಬ ಒಂದೇ ಆಟೋಇಮ್ಯೂನ್ ಕಾಯಿಲೆಯವು ಎಂಬುದು ಅಲ್ಲಿಗೆ ಖಚಿತವಾಯಿತು. ಶ್ವಾಸಕೋಶ ತಜ್ಞರ ಜೊತೆಗೂಡಿ ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೋಫಿನೋಲೇಟ್ ಆರಂಭಿಸಿದೆ.

ಆ ಪಟ್ಟಿಯ ಮೇಲೆ ನನಗೆ ಬೆಳೆದ ವಿಶ್ವಾಸ ಒಮ್ಮೆ ಅಳತೆ ಮೀರಿತು. ಸುಸ್ತು ಮತ್ತು ಮೈಕೈ ನೋವಿನಿಂದ ಬಂದ ಒಬ್ಬರಲ್ಲಿ ಸಿಪಿಕೆ ಏರಿತ್ತು, ಪಟ್ಟಿಯಲ್ಲಿ ತೀವ್ರ ಸ್ನಾಯುರೋಗವನ್ನು ಸೂಚಿಸುವ ಎಸ್‌ಆರ್‌ಪಿ ಪ್ರತಿಕಾಯದ ಗೆರೆ ತೀರಾ ತೆಳುವಾಗಿ ಕಂಡಿತ್ತು. ನಾನು ಸ್ಟೀರಾಯ್ಡ್ ಬರೆದೆ. ಅವರಿಗಿದ್ದದ್ದು ತೀವ್ರವಾದ ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನಿನ ಕೊರತೆ); ಅದರಿಂದಲೂ ಸಿಪಿಕೆ ಏರುತ್ತದೆ. ಮೊದಲ ದಿನವೇ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದ್ದರೆ ಮೂರು ವಾರದ ಆ ಮಾತ್ರೆ ಅವರ ಹೊಟ್ಟೆಗೆ ಹೋಗುತ್ತಿರಲಿಲ್ಲ. ಈ ತಪ್ಪು ನನ್ನದೇ. ಅಂದಿನಿಂದ ತೆಳು ಗೆರೆಯೊಂದನ್ನೇ ನಂಬಿ ನಾನು ರೋಗದ ಹೆಸರು ಬರೆಯುವುದಿಲ್ಲ: ಸ್ನಾಯುಬಲವನ್ನು ಕೈಯಿಂದ ಅಳೆಯುತ್ತೇನೆ, ಥೈರಾಯ್ಡ್ ನೋಡುತ್ತೇನೆ, ಬೇಕೆನಿಸಿದರೆ ಎಂಆರ್‌ಐ ಅಥವಾ ಬಯಾಪ್ಸಿ ಕೇಳುತ್ತೇನೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಸೇವಿಸುತ್ತಿರುವವರಲ್ಲಿ, ಮಾತ್ರೆ ನಿಲ್ಲಿಸಿದ ಮೇಲೂ ಬಲ ಕುಂದುತ್ತಲೇ ಹೋದರೆ, ಸ್ಟ್ಯಾಟಿನ್ ತಡೆಯುವ ಕಿಣ್ವದ ವಿರುದ್ಧ ಹುಟ್ಟುವ ಎಚ್‌ಎಂಜಿಸಿಆರ್ ಪ್ರತಿಕಾಯದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸುತ್ತೇನೆ, ಏಕೆಂದರೆ ಎಷ್ಟೋ ಪಟ್ಟಿಗಳಲ್ಲಿ ಅದು ಇರುವುದೇ ಇಲ್ಲ.

ಗಾಢ ಗೆರೆಗೂ ಅದರದೇ ಆದ ಮುಂದಿನ ಕೆಲಸವಿದೆ. ನಲವತ್ತು ದಾಟಿದ ಡರ್ಮಟೋಮಯೋಸೈಟಿಸ್ (ಚರ್ಮ ಮತ್ತು ಸ್ನಾಯುಗಳ ಉರಿಯೂತ) ರೋಗಿಯಲ್ಲಿ, ಕ್ಯಾನ್ಸರ್ ಜೊತೆ ನಂಟಿರುವ ಟಿಐಎಫ್1 ಗ್ಯಾಮಾ ಪ್ರತಿಕಾಯದ ಗೆರೆ ಬಂದರೆ ಕ್ಯಾನ್ಸರ್ ಅಡಗಿದೆಯೇ ಎಂದು ಹುಡುಕದೆ ನಾನು ಬಿಡುವುದಿಲ್ಲ. ನನಗೆ ಅತಿ ಹೆಚ್ಚು ಆತಂಕ ತರುವುದು ಅದೇ ಡರ್ಮಟೋಮಯೋಸೈಟಿಸ್‌ನಲ್ಲಿ ಕಾಣುವ ಎಂಡಿಎ5 ಎಂಬ ಇನ್ನೊಂದು ಪ್ರತಿಕಾಯ. ಅಂಥವರಲ್ಲಿ ಸಿಪಿಕೆ ಸಹಜವಾಗಿದ್ದು, ಸ್ನಾಯುಗಳು ಗಟ್ಟಿಯಾಗಿಯೇ ಇದ್ದರೂ ಶ್ವಾಸಕೋಶ ಕೆಲವೇ ವಾರಗಳಲ್ಲಿ ಕೈಕೊಡಬಹುದು. ಆದ್ದರಿಂದ ಆ ಗೆರೆ ಮೂಡಿದರೆ ಮುದ್ರಿತ ವರದಿಗೆ ಕಾಯದೆ, ಯಾವ ಹೊತ್ತಾದರೂ ಸರಿ, ನನಗೆ ಫೋನ್ ಮಾಡಬೇಕೆಂದು ಪ್ರಯೋಗಾಲಯದವರಿಗೆ ಹೇಳಿಟ್ಟಿದ್ದೇನೆ.