ಸಾಪಾ ಚಾರಣ: ಬುಕ್ ಮಾಡುವ ಮುಂಚೆ

ಉತ್ತರ ವಿಯೆಟ್ನಾಮಿನ ಗುಡ್ಡದೂರು ಸಾಪಾಗೆ ಮೆಟ್ಟಿಲು ಗದ್ದೆ ನೋಡಲು ಹೊರಡುವವರು ಮೊದಲು ತಿಂಗಳು ನೋಡಿಕೊಳ್ಳಿ. ಅಲ್ಲಿ ಭತ್ತ ವರ್ಷಕ್ಕೆ ಒಂದೇ ಬೆಳೆ: ಮೇ-ಜೂನ್‌ನಲ್ಲಿ ನಾಟಿ, ಸೆಪ್ಟೆಂಬರ್ ಹೊತ್ತಿಗೆ ಹೊಂಬಣ್ಣ. ಅಕ್ಟೋಬರ್ ನಡುವೆ ಹೋದರೆ ಕೂಳೆಯಷ್ಟೇ ಕಾಣುವುದು.

ಇ ಲಿನ್ ಹೋ, ಹ್ಮಾಂಗ್ ಜನರ ಲಾವ್ ಚಾಯ್, ಜಾಯ್ ಜನರ ತಾ ವಾನ್, ಈ ಮೂರು ಹಳ್ಳಿಗಳದ್ದು ಒಂದು ದಿನದ ದಾರಿ, ಸುಮಾರು 12 ಕಿ.ಮೀ. ಇಳಿಜಾರು ಹೆಚ್ಚು, ಮೊಣಕಾಲು ನೋವಿದ್ದವರು ಯೋಚಿಸಿ. ವಾಪಸ್ ಬರುವ ಗಾಡಿ, ಹಳ್ಳಿಗಳ ಪ್ರವೇಶ ಶುಲ್ಕ ಗೈಡ್ ಹೇಳಿದ ದರದಲ್ಲೇ ಸೇರಿದೆಯೇ ಎಂದು ಕೇಳಿಬಿಡಿ.

ಮಳೆಗಾಲದಲ್ಲಿ ಸ್ಪೋರ್ಟ್ಸ್ ಶೂ ಬೇಡವೇ ಬೇಡ. ಜಿಗಟು ಮಣ್ಣು ಅಟ್ಟೆಯ ಗೀರುಗಳಲ್ಲಿ ತುಂಬಿಕೊಂಡರೆ ಹಿಡಿತವೇ ಇರುವುದಿಲ್ಲ. ಸಾಪಾ ಊರಲ್ಲೇ ಗಂಬೂಟು ಬಾಡಿಗೆಗೆ ಸಿಗುತ್ತದೆ, ಒಳಗೆ ಉದ್ದ ಕಾಲುಚೀಲ ಹಾಕಿ, ಇಲ್ಲದಿದ್ದರೆ ಮೀನಖಂಡ ಉಜ್ಜಿ ಕೆಂಪಾಗುತ್ತದೆ. ಫೋಟೋಗೆಂದು ಬದುವಿನ ಅಂಚಿಗೆ ಹೋಗಬೇಡಿ. ಅದು ಕುಸಿದರೆ ಗದ್ದೆಯ ನೀರೆಲ್ಲ ಕೆಳಗಿನ ಮಡಿಗೆ.

ಜೊತೆಗೆ ನಡೆದು ಬರುವ ಹ್ಮಾಂಗ್ ಹೆಂಗಸರು ಜಾರುವಲ್ಲಿ ಕೈ ಹಿಡಿಯುತ್ತಾರೆ, ಕೊನೆಗೆ ಕಸೂತಿ ಚೀಲ ಕೊಳ್ಳಲಿ ಎಂದು ನಿರೀಕ್ಷಿಸುತ್ತಾರೆ. ನ್ಯಾಯವೇ! ಕೊಳ್ಳುವುದಿಲ್ಲ ಎಂದಾದರೆ ಆರಂಭದಲ್ಲೇ ಹೇಳಿ. ಸಸ್ಯಾಹಾರಿಗಳು 'ಮಾಂಸ ಬೇಡ' ಎಂದರೆ ಸಾಲದು, ಮೀನಿನ ಸಾಸ್, ಹಂದಿ ಕೊಬ್ಬು ಎರಡನ್ನೂ ಹೆಸರು ಹಿಡಿದು ಬೇಡವೆನ್ನಿ.