ತೂಕದ ಗೆರೆ ಯಾವ ತಿಂಗಳಲ್ಲಿ ನಿಂತಿತು?

ನಾನು ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಹದಿನಾರು ವರ್ಷದಿಂದ ಮಕ್ಕಳ ತೂಕ ಹಾಕುತ್ತಿದ್ದೇನೆ. ಮಗುವಿನ ತೂಕ ಕಾರ್ಡಿನ ಹಸಿರು ಪಟ್ಟಿಯಿಂದ ಹಳದಿಗೆ ಇಳಿದರೆ, ಅಂದರೆ ವಯಸ್ಸಿಗೆ ತಕ್ಕ ತೂಕ ಇಲ್ಲದಿದ್ದರೆ, ಮೊದಲೆಲ್ಲ ನನ್ನ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: "ಸರಿಯಾಗಿ ಉಣಸವ್ವ." ತಾಯಿ ತಲೆ ಅಲ್ಲಾಡಿಸಿ ಹೋಗುತ್ತಿದ್ದಳು. ಮುಂದಿನ ತಿಂಗಳೂ ತೂಕ ಅಷ್ಟೇ ಇರುತ್ತಿತ್ತು. ಒಂದು ಮಗುವನ್ನು ನೋಡಿದ ಮೇಲೆ ಆ ಮಾತು ಬಿಟ್ಟೆ.

ಹೆಣ್ಣು ಮಗು. ಎಂಟು ತಿಂಗಳಿಗೆ 7.4 ಕಿಲೋ, ಹಸಿರು ಪಟ್ಟಿಯಲ್ಲೇ ಇತ್ತು. ಹದಿನಾಲ್ಕು ತಿಂಗಳಾದಾಗ 7.3. ಆರು ತಿಂಗಳಲ್ಲಿ ಏರಿದ್ದು ಏನೂ ಇಲ್ಲ. ತಿಂಗಳು ತಿಂಗಳ ತೂಕ ಗುರುತು ಹಾಕುವ 'ತಾಯಿ ಕಾರ್ಡು' ತೆಗೆದೆ. ಆ ದಿನ ನಾನು ಬಣ್ಣ ನೋಡಲಿಲ್ಲ, ತೂಕದ ಗೆರೆ ಏರದೆ ಎಲ್ಲಿ ಅಡ್ಡ ಮಲಗಿತು ಅಂತ ನೋಡಿದೆ. ಸುಗ್ಗಿ ಮುಗಿದ ಹೊತ್ತು ಅದು. "ಎಳ್ಳ ಅಮವಾಸಿ ಆದಮ್ಯಾಲ ನಿಮ್ಮನ್ಯಾಗ ಏನಾತವ್ವ?" ಅಂತ ಕೇಳಿದೆ. ಆಕೆ ಸುಮ್ನೆ ಕೂತಳು. ಆಮೇಲೆ ಅತ್ತಳು.

ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದ. ಮೂರು ತಿಂಗಳು ದುಡಿದ ಕೂಲಿ ಕೈಗೆ ಬರಲಿಲ್ಲ. ವಾಪಸ್ ಬಂದವನು ಕುಡಿತಕ್ಕೆ ಬಿದ್ದ. ರಾತ್ರಿ ಜಗಳ, ಹೊಡೆತ. ಸಾಲ ತೀರಿಸಲು ಈಕೆ ನಸುಕಿನಲ್ಲೇ ಕೂಲಿಗೆ ಹೊರಟಳು. ಮಗು ಅತ್ತೆಯ ಹತ್ತಿರ, ಅತ್ತೆಗೆ ಕಣ್ಣು ಮಂಜು. ನಾವು ಮನೆಗೆ ಕೊಡುವ ಪೌಷ್ಟಿಕ ಪುಡಿಯ ಪೊಟ್ಟಣ ನಾಲ್ಕೇ ದಿನಕ್ಕೆ ಖಾಲಿ. "ದೊಡ್ಡ ಹುಡುಗ್ರು ಹಸಗೊಂಡು ನಿಂತಾಗ ಬಚ್ಚಿಡಾಕ ಆಗ್ತದೇನ್ರಿ ಅಕ್ಕಾರ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಮೂರು ಸಲ ಭೇದಿ ಬೇರೆ ಆಗಿತ್ತು.

ತೂಕಕ್ಕಿಂತ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಆ ಮಗುವಿನ ಮುಖ. ನಕ್ಕರೆ ನಗುತ್ತಿರಲಿಲ್ಲ. ಬಾಗಿಲು ಬಡಿದರೆ ಬೆಚ್ಚಿಬೀಳುತ್ತಿತ್ತು. ಒಂದು ತರಬೇತಿಯಲ್ಲಿ ಡಾಕ್ಟರ್ ಹೇಳಿದ್ದು ಆಗ ನೆನಪಾಯಿತು. ಹೆದರಿದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಎತ್ತಿ ಸಮಾಧಾನ ಮಾಡಿದರೆ ಇಳಿಯುತ್ತದೆ. ಎತ್ತುವವರೇ ಇಲ್ಲದೆ ದಿನವೂ ಹೆದರಿಕೆ ಆದರೆ ನಿದ್ದೆ ಕೆಡುತ್ತದೆ, ಕಾಯಿಲೆ ತಡೆಯುವ ಶಕ್ತಿ ಕುಗ್ಗುತ್ತದೆ, ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಬಸಿರಿನಿಂದ ಎರಡು ವರ್ಷದವರೆಗಿನ 1000 ದಿನಗಳಲ್ಲಿ ಮಿದುಳು ಬಹಳ ಬೇಗ ಬೆಳೆಯುತ್ತದೆ. ಈ ಮಗುವಿಗೆ ಆ ದಿನಗಳೇ ಹೀಗೆ ಹೋಗುತ್ತಿದ್ದವು.

ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತೋಳಿನ ಸುತ್ತಳತೆ 12.1 ಸೆಂಟಿಮೀಟರ್. 11.5ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಅಷ್ಟಕ್ಕೆ ಇಳಿದಿರಲಿಲ್ಲ. ರಕ್ತ ಕಡಿಮೆ ಇತ್ತು, ಔಷಧಿ ಕೊಟ್ಟರು. ಆಮೇಲೆ ಅಜ್ಜಿ ಮೊಮ್ಮಗಳನ್ನು ಬೆಳಗ್ಗೆ ಕೇಂದ್ರಕ್ಕೇ ಬರಹೇಳಿದೆ. ಸಜ್ಜೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಹಿಸುಕಿ, ಒಂದು ಚಮಚ ಎಣ್ಣೆ ಹಾಕಿ, ಸ್ವಲ್ಪ ಸ್ವಲ್ಪವೇ ಹಲವು ಸಲ. ಒತ್ತಾಯ ಇಲ್ಲ. ಮಗು ಬಾಯಿ ತೆರೆಯುವವರೆಗೆ ಕಾಯಬೇಕು, ಅದರ ಜೊತೆ ಮಾತಾಡಬೇಕು. ಅಜ್ಜಿಗೆ ಕಣ್ಣು ಮಂಜಾದರೇನು, ಬಾಯಿ ಚುರುಕು! ಜೋಗುಳ, ಒಗಟು, ಬಟ್ಟಲು-ಚಮಚದ ಆಟ, ಎಲ್ಲ ಆಕೆಯೇ ಶುರು ಮಾಡಿದಳು.

ಆಟಕ್ಕೆ ಇಷ್ಟು ಬೆಲೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಜಮೈಕಾ ದೇಶದಲ್ಲಿ 1986–87ರಲ್ಲಿ ಕುಳ್ಳಾಗಿ ಉಳಿದಿದ್ದ ಬಡ ಮಕ್ಕಳ ಮನೆಗೆ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ತಾಯಂದಿರಿಗೆ ಮಗುವಿನ ಜೊತೆ ಆಡುವುದು ಕಲಿಸಿದರು. ಎರಡು ವರ್ಷ, ಅಷ್ಟೇ. ಆ ಮಕ್ಕಳು 22 ವರ್ಷದವರಾದಾಗ, ಅಂಥ ಭೇಟಿ ಸಿಗದವರಿಗಿಂತ 25% ಜಾಸ್ತಿ ಹಣ ಸಂಪಾದಿಸುತ್ತಿದ್ದರು. ಆ ಕಾರ್ಯಕರ್ತೆಯರ ಕೈಯಲ್ಲಿದ್ದುದೂ ಮನೆಯಲ್ಲೇ ಮಾಡಿದ ಆಟಿಕೆಗಳು.

ಗಂಡನ ಜೊತೆ ಮಾತಾಡುವುದು ನನ್ನೊಬ್ಬಳಿಂದ ಆಗುವ ಕೆಲಸ ಆಗಿರಲಿಲ್ಲ. ಆಕೆಯ ಸಂಘದ ಹೆಂಗಸರು ಹೋದರು. ಕುಡಿತ ಪೂರ್ತಿ ನಿಂತಿಲ್ಲ. ಹೊಡೆತ ನಿಂತಿದೆ.

ಇಪ್ಪತ್ತು ತಿಂಗಳಿಗೆ ಮಗು 8.8 ಕಿಲೋ ತೂಗಿತು. ಹಸಿರು ಪಟ್ಟಿ. ಅವತ್ತು ಸಹಾಯಕಿ ಎಲ್ಲರಿಗೂ ಬೆಲ್ಲ ಹಂಚಿದಳು. ಆದರೆ ಉದ್ದ 76 ಸೆಂಟಿಮೀಟರ್, ಆ ವಯಸ್ಸಿಗೆ ಕಡಿಮೆಯೇ. ತೂಕ ಬಂದ ಹಾಗೆ ಎತ್ತರ ಬೇಗ ಬರುವುದಿಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4% ಹೀಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆ ಅಂಕಿ ನೋಡಿದಾಗಲೆಲ್ಲ ನನಗೆ ಈ ಮಗುವಿನ ಒಂಬತ್ತನೇ ತಿಂಗಳು ನೆನಪಾಗುತ್ತದೆ. ಗೆರೆ ನಿಂತ ಆ ತಿಂಗಳೇ ನಾನು ಅವರ ಮನೆಗೆ ಹೋಗಬೇಕಿತ್ತು. ಈಗ ಎರಡು ತಿಂಗಳು ಗೆರೆ ಏರದಿದ್ದರೆ, ಬಣ್ಣ ಯಾವುದೇ ಇರಲಿ, ಹೋಗಿಬಿಡುತ್ತೇನೆ. ಹೋಗಿ ಮೊದಲು ಕೇಳುವುದು, "ನೀ ಹೆಂಗದಿಯವ್ವ?"

ಈ ವರ್ಷ ಗಂಡ ಹೆಂಡತಿ ಇಬ್ಬರೂ ಗುಳೆ ಹೊರಟಿದ್ದಾರೆ, ಮಗುವನ್ನೂ ಕರೆದುಕೊಂಡು. ಹೋಗುವ ಹಿಂದಿನ ದಿನ ಆಕೆ ಕೇಂದ್ರಕ್ಕೆ ಬಂದಳು. "ಕಾರ್ಡ್ ಕೊಡ್ರಿ ಅಕ್ಕಾರ, ಅಲ್ಲೂ ತೂಕ ಹಾಕಸ್ತೀನಿ" ಅಂದಳು. ಕೊಟ್ಟೆ. ಹಿಂದಿನ ಪುಟದಲ್ಲಿ ನನ್ನ ಫೋನ್ ನಂಬರ್ ಬರೆದಿದ್ದೇನೆ.